ಹುಣಸೆಹಣ್ಣಿನಲ್ಲಿ ತೊಳೆದ ಕಾಡತೂಸು

ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲಿ ಬರೆಯುತ್ತಿರುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ತುಂಬಿಕೊಂಡದ್ದು ಎಂದು ನನಗೇ ಖಾತ್ರಿಯಿಲ್ಲ. ನಾನು ಮ್ಯಾಕಲ್ಸ್‌ಫೀಲ್ಡ್‌ನ ಔಷಧಿ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷೆ ಮಾಡುವವನು. ಒಂದು ಮಾತ್ರೆಯ ತೂಕವನ್ನು ಮೂರು ಸಲ ನೋಡದೆ ಸಹಿ ಹಾಕುವುದಿಲ್ಲ. ಅಂಥವನು ನನ್ನ ನೆನಪಿಗೆ ಮಾತ್ರ ಕಣ್ಣು ಮುಚ್ಚಿಕೊಂಡು ಸಹಿ ಹಾಕುವುದು ಹೇಗೆ? ಅದರಲ್ಲೂ ಒಂದು ಫೆಬ್ರವರಿಯ ಶನಿವಾರ, ಲಫ್‌ಬರೋದ ಒಂದು ಗ್ಯಾರೇಜಿನಲ್ಲಿ, ಎರಡು ಸೆಕೆಂಡು ನಾನು ಕಂಡದ್ದನ್ನು ನಿಜವಾಗಿಯೂ ಕಂಡೆನೇ ಎಂದು ಎರಡು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ಉತ್ತರ ವಾರಕ್ಕೊಂದು ಥರ ಬರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಸಂಶಯವಿಲ್ಲ. ಇಡೀ ಇಂಗ್ಲೆಂಡಿನಲ್ಲಿ ರೈಫಲ್ಲಿನ ಕಾಡತೂಸನ್ನು ಹುಣಸೆಹಣ್ಣಿನಲ್ಲಿ ತೊಳೆಯುತ್ತಿದ್ದವರು ನಮ್ಮ ಕಾಕಾ ಒಬ್ಬರೇ. ಇನ್ನೊಬ್ಬರು ಯಾರಾದರೂ ಇದ್ದರೆ ತಿಳಿಸಿ. ಅವರನ್ನು ನೋಡಲು ನಾನು ಎಲ್ಲಿಗೆ ಬೇಕಾದರೂ ಬರುತ್ತೇನೆ.

ಕಾಕಾ ಎಂದರೆ ನಮ್ಮ ತಂದೆಯ ತಮ್ಮ. ಧಾರವಾಡದಿಂದ ಲೋಹಶಾಸ್ತ್ರ ಓದಲು ಲಫ್‌ಬರೋಗೆ ಬಂದು, ಅಲ್ಲೇ ಕೆಲಸ ಹಿಡಿದು, ಅಲ್ಲೇ ಮನೆಯ ಮಾರ್ಟ್‌ಗೇಜ್ ತೀರಿಸಿ, ಅಲ್ಲೇ ನಿವೃತ್ತರಾದವರು. ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಚಹಾ ಮುಟ್ಟುತ್ತಿರಲಿಲ್ಲ. ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಹುಟ್ಟುಹಬ್ಬದ ಮಗುವಿನ ಎದುರಿಗೇ ವಿಚಾರಿಸುತ್ತಿದ್ದರು. ಇಂಥವರ ಮನೆಯಲ್ಲಿ ಪೊಲೀಸರ ಪರವಾನಗಿ ಪಡೆದ ಒಂದು ರೈಫಲ್ ಇತ್ತು. ನನ್ನ ಪ್ರಾಯದವರು ಕಾರು ತೋರಿಸುವ ಹಾಗೆ ಅವರು ಅದನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಕಾನೂನಿನ ಪ್ರಕಾರ ಅದು ಉಕ್ಕಿನ ಕಪಾಟಿನಲ್ಲಿತ್ತು. ಕೀಲಿ ಎಲ್ಲಿದೆ ಎಂದು ಅವರ ಹೆಂಡತಿ, ನಮ್ಮ ಕಾಕುಗೂ ಗೊತ್ತಿರಬಾರದು, ಗೊತ್ತಿರಲೂ ಇಲ್ಲ.

ಒಮ್ಮೆ ಅಲ್ಲಿನ ಕನ್ನಡಿಗರ ಯುಗಾದಿ ಊಟದ ಸಾಲಿನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗಿಯೊಬ್ಬಳು ಕೇಳಿದ್ದಳು.

"ಅಂಕಲ್, ನೀವು ಮೊಟ್ಟೆನೂ ತಿನ್ನಲ್ವಂತೆ. ಮತ್ತೆ ಬಂದೂಕು ಯಾಕೆ?"

"ಕಾಗದ ಹೊಡೀಲಿಕ್ಕ."

"ಬರೀ ಕಾಗದನಾ?"

"ಅದೂ ತಾಗಿದ್ರ," ಎಂದು ಕಾಕಾ ಹೋಳಿಗೆ ಮುರಿದುಕೊಂಡರು.

ಆದರೆ ಕಾಗದ ಹೊಡೆಯುವುದೂ ಅವರಿಗೆ ಒಂದು ನೆಪ ಎಂದು ನನಗೆ ಬೇಗನೇ ತಿಳಿಯಿತು. ಕಾಡತೂಸು ಎಂದರೆ ಹಿತ್ತಾಳೆಯ ಒಂದು ಪುಟ್ಟ ಬುಡ್ಡಿ. ಒಳಗೆ ಮದ್ದು, ಬಾಯಲ್ಲಿ ಗುಂಡು, ಬುಡದಲ್ಲಿ ಕಿಡಿ ಹೊತ್ತಿಸುವ ಒಂದು ಬಿಲ್ಲೆ. ಹಾರಿಸಿದ ಮೇಲೆ ಗುಂಡು ಹೋಗುತ್ತದೆ, ಮದ್ದು ಸುಟ್ಟುಹೋಗುತ್ತದೆ, ಬುಡ್ಡಿ ಉಳಿಯುತ್ತದೆ. ಬಹಳ ಜನ ಅದನ್ನು ಗುಜರಿಯ ಬಕೆಟ್ಟಿಗೆ ಹಾಕುತ್ತಾರೆ. ಕಾಕಾ ಮನೆಗೆ ತರುತ್ತಿದ್ದರು. ಸುಟ್ಟ ಬಿಲ್ಲೆ ಕೀಳುವುದು, ಮಸಿ ತೊಳೆಯುವುದು, ಹಿಗ್ಗಿದ ಮೈಯನ್ನು ಅಚ್ಚಿನಲ್ಲಿ ಒತ್ತುವುದು, ಬೆಳೆದ ಕುತ್ತಿಗೆಯನ್ನು ಕತ್ತರಿಸುವುದು, ಬಾಯಿಯ ಅಂಚನ್ನು ಕೆರೆಯುವುದು, ಆಮೇಲೆ ಕಾಯಿಸುವುದು. ಮದ್ದು ತುಂಬುವುದು ಒಂದು ಮಧ್ಯಾಹ್ನದ ಕೆಲಸ. ಬುಡ್ಡಿಯನ್ನು ಅಣಿಮಾಡುವುದು ಇಡೀ ವಾರದ್ದು. ಮದುವೆಗಿಂತ ಮದುವೆಯ ತಯಾರಿಯೇ ಹೆಚ್ಚು ಇಷ್ಟ ಎನ್ನುವವರಿಲ್ಲವೇ? ಕಾಕಾ ಆ ಜಾತಿಯವರು.

ನಾನು ಮ್ಯಾಂಚೆಸ್ಟರಿನಲ್ಲಿ ಎಂ.ಎಸ್ಸಿ. ಓದುತ್ತ ಫಾಲೋಫೀಲ್ಡ್‌ನ ಒಂದು ಬೂಸಲು ವಾಸನೆಯ ಕೋಣೆಯಲ್ಲಿದ್ದೆ. ಊಟದ ಆಸೆಗೆ ತಿಂಗಳಿಗೊಮ್ಮೆ ಲಫ್‌ಬರೋಗೆ ಹೋಗುತ್ತಿದ್ದೆ. ಮೊದಲ ಸಲ ಹೋದಾಗ ಕಾಕು ಅಂಗಡಿಗೆ ಹೋಗಿದ್ದರು, ಕಾಕಾ ಹಿತ್ತಲಲ್ಲಿದ್ದರು. ಒಲೆಯ ಮೇಲೆ ಒಂದು ಪಾತ್ರೆ. ಹುಣಸೆಯ ಘಮ, ಕಂದು ಬಣ್ಣ, ಸಣ್ಣ ಹಬೆ. ಎರಡು ವಾರ ಬ್ರೆಡ್ಡು ತಿಂದ ಹೊಟ್ಟೆ ನನ್ನದು. ತಟ್ಟೆಗೆ ಅನ್ನ ಹಾಕಿಕೊಂಡು ಸೌಟು ಅದ್ದಿದೆ. ಸೌಟಿನಲ್ಲಿ ನಾಲ್ಕು ಕಾಡತೂಸು ಬಂದವು.

ಹಿಂದೆ ಕಾಕಾ ನಿಂತಿದ್ದರು.

"ತಡಿ ತಮ್ಮಾ. ಒಗ್ಗರಣಿ ಹಾಕಿಲ್ಲ ಇನ್ನೂ."

ಆ ಪಾತ್ರೆಯ ಕಿವಿಗೆ ಕೆಂಪು ದಾರ ಕಟ್ಟಿತ್ತು. ಅಡುಗೆಗೆ ಅದನ್ನು ಮುಟ್ಟಬಾರದೆಂದು ಕಾಕು ಕಟ್ಟಿದ್ದ ದಾರ. ಸುಟ್ಟ ಬಿಲ್ಲೆಯ ಮಸಿಯಲ್ಲಿ ಸೀಸ ಇರುತ್ತದಂತೆ, ಹೊಟ್ಟೆಗೆ ಹೋಗಬಾರದಂತೆ. ಇದು ಹೊರಗಿನಿಂದ ಬಂದವನಿಗೆ ಹೇಗೆ ಗೊತ್ತಾಗಬೇಕು?

ಅಂಗಡಿಯ ಪಾಲಿಶ್ ಯಾಕೆ ಬಳಸುವುದಿಲ್ಲ ಎಂದು ಕೇಳಿದೆ. ಅದರಲ್ಲಿ ಅಮೋನಿಯಾ ಇದ್ದರೆ ಹಿತ್ತಾಳೆ ಬಿರುಕು ಬಿಡುತ್ತದೆ ಎಂದರು. ಬ್ರಿಟಿಷರ ಕಾಲದಲ್ಲಿ ಕಾಡತೂಸನ್ನು ಕುದುರೆ ಲಾಯದ ಹತ್ತಿರ ಇಡುತ್ತಿದ್ದರಂತೆ. ಮಳೆಗಾಲದಲ್ಲಿ ಉಚ್ಚೆಯ ಘಾಟಿಗೆ ಅವು ತಾವಾಗಿಯೇ ಸೀಳುತ್ತಿದ್ದವಂತೆ.

"ಇವರ ಸೈನ್ಯಕ್ಕ ಕುದರಿ ಉಚ್ಚಿ ಸಾಕಾಗಿತ್ತು ನೋಡು. ನಮ್ಮವ್ವ ದೇವರ ಹಿತ್ತಾಳಿ ಸಾಮಾನ ಹುಣಸಿಹಣ್ಣಿಲೆ ತೊಳೀತಿದ್ಲು. ಒಂದಾದ್ರೂ ಸೀಳೈತೇನು?"

ನಾನು ಯೂನಿವರ್ಸಿಟಿಯ ಲೈಬ್ರರಿಗೆ ಹೋಗಿ ಕುದುರೆಯ ವಿಷಯ ಹುಡುಕಿದೆ. ನಿಜವಾಗಿತ್ತು. ಕಾಕಾ ಹೇಳಿದ್ದನ್ನು ಹೀಗೆ ಕದ್ದು ಪರೀಕ್ಷಿಸುವುದು ನನಗೆ ಚಟವಾಯಿತು. ಒಂದು ಸಲವೂ ತಪ್ಪು ಸಿಗಲಿಲ್ಲ. ಸಿಕ್ಕಿದ್ದರೆ ಅವರ ಮೇಲೆ ಪ್ರೀತಿ ಇನ್ನೂ ಬೇಗ ಹುಟ್ಟುತ್ತಿತ್ತೋ ಏನೋ.

ತಪ್ಪೇ ಮಾಡುತ್ತಿರಲಿಲ್ಲ ಎಂದಲ್ಲ. ಬುಡ್ಡಿಯನ್ನು ಉಕ್ಕಿನ ಅಚ್ಚಿನೊಳಗೆ ಒತ್ತುವ ಮೊದಲು ಜಿಡ್ಡು ಸವರಬೇಕು, ಇಲ್ಲದಿದ್ದರೆ ಸಿಕ್ಕಿಕೊಳ್ಳುತ್ತದೆ. ಕ್ಲಬ್ಬಿನವರು ಒಂದು ಡಬ್ಬಿ ಕೊಟ್ಟರು. ಕಾಕಾ ಕನ್ನಡಕ ಏರಿಸಿ ಅದರ ಮೇಲಿನ ಬರಹ ಓದಿದರು. ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು. ಡಬ್ಬಿಯನ್ನು ಮೆಲ್ಲಗೆ ಮುಚ್ಚಿ ವಾಪಸು ಕೊಟ್ಟರಂತೆ. ಕಾಡತೂಸಿನ ಕೊಬ್ಬಿನ ವಿಷಯದಲ್ಲಿ ನಮ್ಮವರಿಗೂ ಇವರಿಗೂ ಹಿಂದೆ ಒಮ್ಮೆ ಏನಾಯಿತೆಂದು ಶಾಲೆಯಲ್ಲಿ ಓದಿದ್ದೇವಲ್ಲ. ಲಫ್‌ಬರೋದಲ್ಲಿ ದಂಗೆಯೇನೂ ಏಳಲಿಲ್ಲ. ಕಾಕಾ ಮನೆಗೆ ಬಂದು ಕೊಬ್ಬರಿ ಎಣ್ಣೆ ಬಳಸಿದರು, ಅಷ್ಟೇ.

ಆಗ ಜನವರಿ. ಗ್ಯಾರೇಜಿನಲ್ಲಿ ಉಸಿರು ಕಾಣುವಷ್ಟು ಚಳಿ. ಕೊಬ್ಬರಿ ಎಣ್ಣೆ ಅಂಥ ಚಳಿಯಲ್ಲಿ ಮೇಣದಂತೆ ಕಟ್ಟುತ್ತದೆಂದು ನಮ್ಮಲ್ಲಿ ತಲೆ ಬಾಚಿಕೊಳ್ಳುವ ಮಕ್ಕಳಿಗೂ ಗೊತ್ತು. ನಲವತ್ತು ವರ್ಷ ಲೋಹ ಕಾಯಿಸಿದವರಿಗೆ ಹೊಳೆಯಲಿಲ್ಲ. ಬುಡ್ಡಿ ಅಚ್ಚಿನೊಳಗೆ ಹೋದದ್ದು ಹೋಯಿತು. ನಾನು ಸನ್ನೆಗೋಲಿಗೆ ಜೋತುಬಿದ್ದೆ, ಕಾಕಾ ಮೇಜಿಗೆ ಕಾಲು ಕೊಟ್ಟು ಎಳೆದರು. ಕೊನೆಗೆ ಕಾಕು ತಲೆಕೂದಲು ಒಣಗಿಸುವ ಯಂತ್ರ ತಂದು ಅಚ್ಚಿಗೆ ಬಿಸಿಗಾಳಿ ಹಿಡಿದರು. ಎಣ್ಣೆ ಕರಗಿತು, ಬುಡ್ಡಿ ಬಂತು.

"ಇಬ್ಬರೂ ಇಂಜಿನಿಯರ್ರು," ಎಂದು ಕಾಕು ಒಳಗೆ ಹೋದರು.

ನಾನು ಇಂಜಿನಿಯರ್ ಅಲ್ಲ. ಆದರೂ ಆ ಹೊತ್ತಿನಲ್ಲಿ ತಿದ್ದಲಿಲ್ಲ.

ರೇಂಜಿಗೆ, ಅಂದರೆ ಗುರಿ ಹೊಡೆಯುವ ಮೈದಾನಕ್ಕೆ, ಒಮ್ಮೆ ಮಾತ್ರ ನನ್ನನ್ನು ಕರೆದುಕೊಂಡು ಹೋಗಿದ್ದರು. ಅಲ್ಲಿ ನೆಲದ ಮೇಲೆ ಬೋರಲು ಮಲಗಿ ಹೊಡೆಯಬೇಕು. ಮಲಗುವ ಮುಂಚೆ ಕಾಕಾ ಅಂಗಿಯೊಳಗೆ ಕೈಹಾಕಿ ಎದೆಯ ಮೇಲಿನ ಲಿಂಗದ ಬೆಳ್ಳಿ ಕರಡಿಗೆಯನ್ನು ಬೆನ್ನಿಗೆ ಸರಿಸಿಕೊಂಡರು, ಜಜ್ಜಿಹೋಗದ ಹಾಗೆ. ಅಕ್ಕಪಕ್ಕದ ಇಂಗ್ಲಿಷರು ಅದನ್ನು ಎಷ್ಟು ಸಲ ನೋಡಿದ್ದರೋ, ಯಾರೂ ತಿರುಗಿ ನೋಡಲಿಲ್ಲ. ಐವತ್ತು ಗುಂಡು ಹೊಡೆದಾದ ಮೇಲೆ ಕಾಕಾ ಮಂಡಿಯೂರಿ, ಶೇಂಗಾ ಕಿತ್ತ ಹೊಲದಲ್ಲಿ ಉಳಿದದ್ದು ಹೆಕ್ಕುವವರಂತೆ, ಬುಡ್ಡಿಗಳನ್ನು ಹೆಕ್ಕಿದರು. ಎಣಿಸಿದರು. ನಲವತ್ತೊಂಬತ್ತು.

ಕ್ಲಬ್ಬಿನ ಕಾರ್ಯದರ್ಶಿ, ಪಟ್ಟಣದಲ್ಲಿ ಬಂದೂಕಿನ ಅಂಗಡಿ ಇಟ್ಟಿದ್ದ ಕೆಂಪು ಮುಖದ ಮನುಷ್ಯ, ಗಡಿಯಾರ ನೋಡಿದ. ಐದು ಜನ ಹುಲ್ಲಿನಲ್ಲಿ ಹುಡುಕಿದರು. ಒಂದು ಖಾಲಿ ಬುಡ್ಡಿಗಾಗಿ ಇಡೀ ರೇಂಜು ಕಾಲು ಗಂಟೆ ನಿಂತಿತು. ಸಿಗಲಿಲ್ಲ. ಸಿಗುವುದು ಹೇಗೆ? ನೆನಪಿಗಿರಲಿ ಎಂದು ಅದನ್ನು ನಾನು ಜೇಬಿಗೆ ಹಾಕಿಕೊಂಡಿದ್ದೆ. ಬಿಸಿಯಾಗಿತ್ತು, ಹಿತವಾಗಿತ್ತು. ವಾಪಸು ಬರುವಾಗ ಕಾರಿನಲ್ಲಿ ಒಪ್ಪಿಕೊಂಡೆ.

ಕಾಕಾ ಎರಡು ಸಿಗ್ನಲ್ ದಾಟಿದರು.

"ಇಟ್ಕೊ," ಎಂದರು ಆಮೇಲೆ. "ಆದ್ರ ತೊಳದು ಇಟ್ಕೊ."

ಇದು ನನ್ನ ನೆನಪು. ಕಾಕಾನ ಮಗಳ ನೆನಪು ಬೇರೆ. ಅವಳು ಇಲ್ಲೇ ಹುಟ್ಟಿ ಬೆಳೆದವಳು, ಲೀಡ್ಸ್‌ನ ಒಂದು ಆಸ್ಪತ್ರೆಯಲ್ಲಿ ಡಾಕ್ಟರು. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ, ನನ್ನನ್ನು 'ಅಣ್ಣಾ' ಎನ್ನುವುದೊಂದನ್ನು ಬಿಟ್ಟು. ಅವಳ ಪ್ರಕಾರ ಬುಡ್ಡಿ ಕದ್ದದ್ದು ಅವಳು, ತನ್ನ ಹನ್ನೊಂದನೆಯ ವಯಸ್ಸಿನಲ್ಲಿ. "ತೊಳದು ಇಟ್ಕೊ" ಎಂದದ್ದು ಅವಳಿಗೆ. ನನ್ನ ಮೇಜಿನ ಖಾನೆಯಲ್ಲಿ ಒಂದು ಬುಡ್ಡಿ ಇದೆ. ಅವಳ ಬಳಿಯೂ ಒಂದಿದೆ. ಹೀಗಿರುವಾಗ ಯಾವ ಸಾಕ್ಷಿಯನ್ನು ನಂಬುತ್ತೀರಿ?

ನಾನು ಕೆಲಸ ಹಿಡಿದೆ, ಬಿಟ್ಟೆ, ಇನ್ನೊಂದು ಹಿಡಿದೆ. ನಾಲ್ಕು ಊರು ಬದಲಿಸಿದೆ. ಒಂದು ಕಡೆ ನಿಂತು ಬೇರು ಬಿಡುವ ಸ್ವಭಾವ ನನ್ನದಲ್ಲ. ಲಫ್‌ಬರೋಗೆ ಹೋಗುವುದು ತಿಂಗಳಿಗೊಮ್ಮೆ ಇದ್ದದ್ದು ವರ್ಷಕ್ಕೊಮ್ಮೆಯಾಯಿತು. ನಡುವೆ ಕಾಕು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ, ಮೂರನೆಯ ದಿನ ಹೊರಟುಬಿಟ್ಟೆ. ಹೊರಡುವಾಗ ಕಾಕಾ ಅಡುಗೆಮನೆಯಲ್ಲಿ ದೇವರ ದೀಪ, ಗಂಟೆ, ತಂಬಿಗೆಗಳನ್ನು ಹುಣಸೆ ಹಚ್ಚಿ ತಿಕ್ಕುತ್ತಿದ್ದರು. ಅದು ಕಾಕುವಿನ ಕೆಲಸವಾಗಿತ್ತು. ಪಕ್ಕದಲ್ಲಿ ಕೆಂಪು ದಾರದ ಪಾತ್ರೆಯೂ ಇತ್ತು, ಖಾಲಿ.

ಆಮೇಲಿನದು ಕಳೆದ ಚಳಿಗಾಲಕ್ಕೂ ಹಿಂದಿನ ಚಳಿಗಾಲದ ಮಾತು. ನವೆಂಬರ್ ಆರಂಭದಲ್ಲಿ ತಂಗಿ ಲೀಡ್ಸ್‌ನಿಂದ ಫೋನ್ ಮಾಡಿದಳು. ಪಪ್ಪಾ ಒಂದೇ ಮಾತನ್ನು ಮೂರು ಸಲ ಹೇಳುತ್ತಾರೆ. ಕಸದ ಬಿನ್ ಯಾವ ದಿನ ಹೊರಗಿಡಬೇಕೆಂದು ಮರೆಯುತ್ತಾರೆ. ತನ್ನ ಆಸ್ಪತ್ರೆಯ ಪಾಳಿ ಹೇಗಿದೆಯೆಂದರೆ ಎರಡು ವಾರಕ್ಕೊಮ್ಮೆ ಬರುವುದೂ ಕಷ್ಟ. ಕೊನೆಗೆ ದನಿ ತಗ್ಗಿಸಿ ಹೇಳಿದಳು, ಇಂಗ್ಲಿಷಿನಲ್ಲೇ:

"ಅಣ್ಣಾ, ಆ ಬಂದೂಕು ಇನ್ನೂ ಮನೆಯಲ್ಲಿದೆ. ನಾನು ಮಗಳು, ಕೇಳಿದರೆ ಸಿಟ್ಟಾಗುತ್ತಾರೆ. ನೀನು ಹೋಗಿ ಬರುತ್ತಿದ್ದರೆ ಒಂದು ಕಣ್ಣಿಡಬಹುದು."

ಹೀಗೆ ನಾನು ಕಣ್ಣಿಡಲು ಹೊರಟೆ. ಪ್ರತಿ ಶನಿವಾರ ಮ್ಯಾಕಲ್ಸ್‌ಫೀಲ್ಡ್‌ನಲ್ಲಿ ರೈಲು ಹತ್ತಿ, ಸ್ಟೋಕ್‌ನಲ್ಲೊಮ್ಮೆ ಡರ್ಬಿಯಲ್ಲೊಮ್ಮೆ ಬದಲಿಸಿ, ಲಫ್‌ಬರೋ. ಕಾಕಾಗೆ ಏನು ಹೇಳುವುದು? ಕಾಡತೂಸು ತಯಾರಿಸುವುದನ್ನು ಸರಿಯಾಗಿ ಕಲಿಯಬೇಕು ಎಂದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು.

"ಈಗ್ಯಾಕ?"

"ಸುಮ್ನೆ, ಆಸಕ್ತಿ ಬಂದೈತಿ."

"ಬಂದೂಕ ತರಂಗಿಲ್ಲ ಈ ಚಳಿಯಾಗ. ಬರೇ ಬುಡ್ಡಿ ಕೆಲಸ."

"ಬುಡ್ಡಿ ಕೆಲಸಾನೇ ಕಲೀಬೇಕ್ರಿ."

"ಹಂಗಾದ್ರ ಬಾ," ಎಂದರು. ಆ ಸಲ ಗ್ಯಾರೇಜಿನಲ್ಲಿ ನನಗೊಂದು ಕುರ್ಚಿ ಇರಲಿಲ್ಲ. ಮುಂದಿನ ಶನಿವಾರದ ಹೊತ್ತಿಗೆ ಇತ್ತು, ಮೇಲೊಂದು ದಿಂಬು ಸಮೇತ.

ಆ ಚಳಿಗಾಲ ನಾವಿಬ್ಬರು ಮಾಡಿದ್ದು ಇಷ್ಟೇ. ಐವತ್ತು ಗುಳಿಗಳ ಒಂದು ಮರದ ಹಲಗೆ, ಅದರಲ್ಲಿ ಐವತ್ತು ಬುಡ್ಡಿ. ಕಾಕಾ ತೊಳೆಯುತ್ತಿದ್ದರು, ನಾನು ಒರೆಸುತ್ತಿದ್ದೆ. ಕಾಕಾ ಉದ್ದ ಅಳೆಯುತ್ತಿದ್ದರು, ನಾನು ಬಾಯಿಯ ಅಂಚು ಕೆರೆಯುತ್ತಿದ್ದೆ. ಮಧ್ಯೆ ಅವರೇ ಮಾಡಿದ ಉಪ್ಪಿಟ್ಟು, ಚಹಾ. ಕೆಲವು ಕಥೆಗಳು ಮೂರು ಸಲ ಬಂದವು. ಕುದುರೆಯದಂತೂ ಆರು ಸಲ. ನಾನು ಪ್ರತಿ ಸಲ ಹೊಸದಾಗಿ ಕೇಳಿದವನಂತೆ "ಹೌದೇನ್ರಿ?" ಎನ್ನುತ್ತಿದ್ದೆ. ಆರನೆಯ ಸಲ ಕಾಕಾ ನಿಲ್ಲಿಸಿ, "ಲೇ, ಇದನ್ನ ಮೊದ್ಲ ಹೇಳೀನಿ ಹೌದಲ್ಲೋ?" ಎಂದರು. ಇಲ್ಲ ಎಂದೆ. "ಸುಳ್ಳ ಹೇಳಬ್ಯಾಡ, ನಿನಗ ಬರಂಗಿಲ್ಲ," ಎಂದು ಕಥೆಯನ್ನು ಪೂರ್ತಿ ಮುಗಿಸಿದರು.

ಕಾಯಿಸುವ ಪಾಠ ಮಾತ್ರ ನನಗೆ ಅಕ್ಷರಶಃ ನೆನಪಿದೆ ಎಂದುಕೊಂಡಿದ್ದೇನೆ.

"ಹಿತ್ತಾಳಿಗೆ ನೆನಪಿರತೈತಿ ತಮ್ಮಾ. ಹಾರಿಸಿದಾಗೊಮ್ಮೆ ಕುತ್ತಿಗಿ ಹಿಗ್ಗತೈತಿ, ನಾವು ಒತ್ತಿ ಕುಗ್ಗಸ್ತೀವಿ. ಹಿಗ್ಗಿ ಕುಗ್ಗಿ, ಹಿಗ್ಗಿ ಕುಗ್ಗಿ, ಬಿರುಸಾಗಿಬಿಡತೈತಿ. ಒಂದಿನ ಸೀಳತೈತಿ. ಅದಕ್ಕ ಕಾಯಿಸೂದು. ಕಾಯಿಸಿದ್ರ ಎಲ್ಲಾ ಮರತು ಮೆತ್ತಗಾಗತೈತಿ."

"ಹಂಗಿದ್ರ ಪೂರ್ತಿ ಕಾಯಿಸಿಬಿಡಬೋದಲ್ರಿ."

"ಬುಡ ಕಾಯಿಸಿದ್ಯೋ, ಕೆಟ್ಟಿ. ಬುಡ ಮೆತ್ತಗಾದ್ರ ಹಾರಿಸಿದಾಗ ಒಡದು ಹಿಂದ ಬರತೈತಿ. ಬಂದೂಕ ಹಿಡದಾವನ ಕಣ್ಣ ಹೋಗತೈತಿ. ಕುತ್ತಿಗಿ ಮರೀಬೇಕು, ಬುಡ ಮರೀಬಾರದು."

ಅದಕ್ಕೇ ಅವರು ಒಂದು ತಟ್ಟೆಯಲ್ಲಿ ನೀರು ಹಾಕಿ, ಬುಡ ಮುಳುಗುವಂತೆ ಬುಡ್ಡಿಗಳನ್ನು ನಿಲ್ಲಿಸಿ, ಕುತ್ತಿಗೆಗೆ ಮಾತ್ರ ಉರಿ ತೋರಿಸುತ್ತಿದ್ದರು. ಬಣ್ಣ ತಿರುಗಿದ ಕ್ಷಣ ಸರಳಿನಿಂದ ತಳ್ಳಿ ನೀರಿಗೆ ಬೀಳಿಸುತ್ತಿದ್ದರು. ಚುಂಯ್ ಎಂದು ಒಂದು ಸದ್ದು. ಆ ಸದ್ದು ಬಂದಾಗಲೆಲ್ಲ ಅವರ ಮುಖದಲ್ಲಿ ಏನೋ ಮುಗಿಸಿದ ನೆಮ್ಮದಿ ಇರುತ್ತಿತ್ತು.

ಆದರೆ ನನ್ನ ಕಣ್ಣು ಸುಮ್ಮನಿರಲಿಲ್ಲ. ಪ್ರತಿ ವಾರ ಹಲಗೆಯ ಮೇಲೆ ಅವೇ ಬುಡ್ಡಿಗಳು ಬರುತ್ತಿವೆ ಎನಿಸಿತು. ಕೇಳಿದರೆ "ಇವು ಬ್ಯಾರೆ" ಎಂದರು. ನಾನು ಪರೀಕ್ಷೆ ಮಾಡುವವನಲ್ಲವೇ? ಒಂದು ಶನಿವಾರ ಕಾಕಾ ಒಳಗೆ ಹೋದಾಗ ಸೂಜಿಯಿಂದ ಒಂದು ಬುಡ್ಡಿಯ ಬುಡದಲ್ಲಿ ಸಣ್ಣ ಗೀರು ಹಾಕಿದೆ. ಮರುವಾರ ಹುಣಸೆ ನೀರಿನಿಂದ ಎತ್ತಿ ಒರೆಸುವಾಗ ಅದೇ ಗೀರು ಕೈಗೆ ಸಿಕ್ಕಿತು. ಹಾರಿಸಿಯೇ ಇಲ್ಲದ, ಮಸಿಯೇ ಹತ್ತದ ಬುಡ್ಡಿಗಳನ್ನು ಕಾಕಾ ವಾರವಾರವೂ ತೊಳೆಯುತ್ತಿದ್ದರು. ಹೋದ ವಾರ ತೊಳೆದದ್ದು ಅವರಿಗೆ ನೆನಪಿರಲಿಲ್ಲ. ನಾನು ಹಾಗೆ ಬರೆದುಕೊಂಡೆ. ತಂಗಿಗೆ ಫೋನಿನಲ್ಲಿ ಹೇಳಿದೆ.

ಇನ್ನು ಆ ಫೆಬ್ರವರಿಯ ಶನಿವಾರ. ಚಹಾ ತರಲು ನಾನು ಅಡುಗೆಮನೆಗೆ ಹೋಗಿದ್ದೆ. ಎರಡು ಲೋಟ ಹಿಡಿದು ಗ್ಯಾರೇಜಿನ ಬಾಗಿಲನ್ನು ಭುಜದಿಂದ ತಳ್ಳಿದೆ. ಕಾಕಾ ನನಗೆ ಅರ್ಧ ಬೆನ್ನು ಮಾಡಿ ನಿಂತಿದ್ದರು. ನೀರಿನ ತಟ್ಟೆ ಪಕ್ಕಕ್ಕಿತ್ತು. ಇಕ್ಕಳದಲ್ಲಿ ಒಂದು ಬುಡ್ಡಿ. ಇಕ್ಕಳ ಹಿಡಿದದ್ದು ಕುತ್ತಿಗೆಯನ್ನು, ಉರಿಯಲ್ಲಿದ್ದದ್ದು ಬುಡ.

ಅಥವಾ ನನಗೆ ಹಾಗೆ ಕಂಡಿತು. ಗ್ಯಾರೇಜಿನಲ್ಲಿ ಕಾಯಿಸುವಾಗ ಬಣ್ಣ ಕಾಣಲೆಂದು ದೀಪ ಆರಿಸಿರುತ್ತಿದ್ದೆವು. ನನ್ನ ಕನ್ನಡಕದ ಮೇಲೆ ಚಹಾದ ಹಬೆ ಕೂತಿತ್ತು. ಆ ಪುಟ್ಟ ಬುಡ್ಡಿಯಲ್ಲಿ ಬುಡ ಯಾವುದು, ಬಾಯಿ ಯಾವುದು ಎಂದು ಬಾಗಿಲಿನಿಂದ ಹೇಳಲಾದೀತೇ?

"ಕಾಕಾ, ಚಹಾ."

ಅವರು ಉರಿ ಆರಿಸಿ, ಬುಡ್ಡಿಯನ್ನು ಹುಣಸೆ ನೀರಿಗೆ ಬಿಟ್ಟರು. ಅವಸರವೇನೂ ಇರಲಿಲ್ಲ. ಅದರೊಳಗೆ ಆಗಲೇ ಇನ್ನೂ ಹತ್ತಿಪ್ಪತ್ತಿದ್ದವು. ತೆಗೆದು ಒರೆಸಿದಾಗ ಎಲ್ಲವೂ ಒಂದೇ ಥರ ಹೊಳೆಯುತ್ತಿದ್ದವು. ನಾನು ಕೇಳಲಿಲ್ಲ. ಯಾಕೆ ಕೇಳಲಿಲ್ಲ? 'ಕಾಕಾ, ಬುಡ ಕಾಯಿಸಿದಿರೇನು?' ಎನ್ನುವುದು ಮೂರು ಪದ. ಕೇಳಿದ್ದರೆ ಅವರು ಏನಾದರೂ ಹೇಳುತ್ತಿದ್ದರು, ಆ ಉತ್ತರ ಇವತ್ತು ನನ್ನ ಬಳಿ ಇರುತ್ತಿತ್ತು. ಬದಲಿಗೆ ಉಪ್ಪಿಟ್ಟು ಚೆನ್ನಾಗಿದೆ ಎಂದೆ.

ರೈಲಿನಲ್ಲಿ ಒಂದೇ ಚಿತ್ರ. ಬೋರಲು ಮಲಗಿದ ಕಾಕಾ, ಬೆನ್ನಿನ ಮೇಲೆ ಕರಡಿಗೆ, ಕೆನ್ನೆಗೊತ್ತಿದ ಬಂದೂಕು, ಒಳಗೆ ಬುಡ ಮೆತ್ತಗಾದ ಆ ಒಂದು ಬುಡ್ಡಿ. ಸೋಮವಾರ ಬೆಳಿಗ್ಗೆ ಕೆಲಸದ ನಡುವೆ ಹೊರಗೆ ಬಂದು ಕಾಕಾನ ಜಿಪಿಗೆ, ಅಂದರೆ ಅವರು ಸದಾ ತೋರಿಸಿಕೊಳ್ಳುವ ಡಾಕ್ಟರಿಗೆ, ಫೋನ್ ಮಾಡಿದೆ. ರಿಸೆಪ್ಶನಿಸ್ಟ್ ಸೌಮ್ಯವಾಗಿ ಹೇಳಿದಳು: "ಅವರ ವಿಷಯ ನಾವು ನಿಮಗೆ ಏನೂ ಹೇಳುವಂತಿಲ್ಲ. ನೀವು ಹೇಳುವುದನ್ನು ಬರೆದುಕೊಳ್ಳಬಹುದು." ನಾನು ಹೇಳಿದೆ. ಒಂದೇ ಬುಡ್ಡಿಯನ್ನು ವಾರವಾರ ತೊಳೆಯುತ್ತಾರೆ. ಉರಿಯ ವಿಷಯದಲ್ಲಿ ತಪ್ಪುತ್ತಾರೆ. ಮನೆಯಲ್ಲಿ ರೈಫಲ್ ಇದೆ. ಅವಳು ಟೈಪ್ ಮಾಡುವುದು ಕೇಳಿಸುತ್ತಿತ್ತು. ಹೆಸರು ಕೇಳಿದಳು, ನನ್ನದು. ಕೊಟ್ಟೆ, ಕಾಕಾಗೆ ಅದನ್ನು ಹೇಳಬಾರದೆಂದೂ ಕೋರಿಕೊಂಡೆ.

ಮುಂದಿನ ಶನಿವಾರ ಹೋಗುವ ಧೈರ್ಯವಾಗಲಿಲ್ಲ. ಅದರ ಮುಂದಿನ ವಾರ ಹೋದೆ. ಕುರ್ಚಿ ಇತ್ತು, ದಿಂಬಿತ್ತು, ಹಲಗೆಯ ಮೇಲೆ ಐವತ್ತು ಬುಡ್ಡಿಗಳಿದ್ದವು. ಕಾಕಾ ಹುಣಸೆ ಕಿವುಚುತ್ತ, ತಲೆಯೆತ್ತದೆ ಹೇಳಿದರು:

"ಡಾಕ್ಟರು ಫೋನ್ ಮಾಡಿದ್ದ. ಬಂದೂಕಿನ ಸುದ್ದಿ ಕೇಳಿದ."

"ಏನಂದ್ರಿ ನೀವು?"

"ಕಳಿಸಿಬಿಟ್ಟೀನಿ ಅಂದೆ."

"ಕಳಿಸಿಬಿಟ್ರಾ?"

"ಹೂಂ. ಯಾರೋ ಕಾಳಜಿ ಮಾಡ್ಯಾರ ನೋಡು ನನ್ನ ಬಗ್ಗೆ. ಒಳ್ಳೇ ಮಂದಿ." ಆಮೇಲೆ ಬಟ್ಟೆಯನ್ನು ನನ್ನ ಕಡೆ ಎಸೆದರು. "ಒರಸು. ನೀರ ಕಲಿ ಉಳದ್ರ ನಮ್ಮವ್ವ ಬೈತಾಳ."

ಅಜ್ಜಿ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಅದು ತಮಾಷೆಯೋ ಮರೆವೋ ನನಗೆ ತಿಳಿಯಲಿಲ್ಲ. 'ಒಳ್ಳೇ ಮಂದಿ' ಎಂದಾಗ ಅವರು ನನ್ನನ್ನು ನೋಡಿದರು ಎಂದು ನನಗೆ ನೆನಪು. ಆದರೆ ತಪ್ಪು ಮಾಡಿದವನಿಗೆ ಎಲ್ಲರೂ ತನ್ನನ್ನೇ ನೋಡಿದ ಹಾಗೆ ನೆನಪಿರುತ್ತದೆ. ನಾನು ಒರೆಸಿದೆ. ನನ್ನ ಒಂದು ಫೋನಿಗೆ ಅವರ ಇಷ್ಟು ವರ್ಷದ ಬಂದೂಕು ಹೋಯಿತು ಎಂದುಕೊಳ್ಳುತ್ತ ಒರೆಸಿದೆ. ಬಂದೂಕು ಹೋದ ಮೇಲೂ ಬುಡ್ಡಿ ತೊಳೆಯುವುದು ಯಾಕೆ ಎಂದು ಕೇಳುವ ಮುಖ ನನಗಿರಲಿಲ್ಲ.

ಏಪ್ರಿಲ್‌ನಲ್ಲಿ ತಂಗಿ ಅವರನ್ನು ಲೀಡ್ಸ್‌ಗೆ ಕರೆದುಕೊಂಡು ಹೋದಳು. ಅಲ್ಲಿ ಗ್ಯಾರೇಜಿರಲಿಲ್ಲ. ನಾನು ಎರಡು ಸಲ ಹೋದೆ. ಎರಡನೆಯ ಸಲ ನನ್ನನ್ನು ನಮ್ಮ ತಂದೆಯೆಂದು ತಿಳಿದು "ಅಣ್ಣಾ, ಕೂಡು" ಎಂದರು. ಕೂತೆ. ಕಳೆದ ಚಳಿಗಾಲ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಯಲ್ಲಿ ತೀರಿಕೊಂಡರು.

ಮನೆ ಖಾಲಿ ಮಾಡಲು ನಾನೂ ತಂಗಿಯೂ ಲಫ್‌ಬರೋಗೆ ಹೋದೆವು. ದೇವರ ಹಿತ್ತಾಳೆ ಸಾಮಾನನ್ನು ಅವಳು ತೆಗೆದುಕೊಂಡಳು. ಕೆಂಪು ದಾರದ ಪಾತ್ರೆ ಯಾರಿಗೆಂದು ಇಬ್ಬರೂ ಸ್ವಲ್ಪ ಜಗಳವಾಡಿದೆವು, ಕೊನೆಗೆ ಅವಳು ನನಗೆ ಬಿಟ್ಟಳು. ಹಲಗೆಯ ಮೇಲೆ ಐವತ್ತು ಬುಡ್ಡಿ ಹಾಗೇ ಇದ್ದವು, ಸ್ವಲ್ಪ ಮಂಕಾಗಿ. ಗೀರಿನ ಬುಡ್ಡಿಯೂ ಇತ್ತು. ಅವುಗಳ ಬುಡ ಗಟ್ಟಿಯೋ ಮೆತ್ತಗೋ ಎಂದು ಅಳೆಯುವ ಯಂತ್ರ ಯೂನಿವರ್ಸಿಟಿಯಲ್ಲಿ ಇದೆ, ಅರ್ಧ ಗಂಟೆಯ ಕೆಲಸ. ಅಂದು ನಾನು ಕಂಡದ್ದು ನಿಜವೋ ಅಲ್ಲವೋ ತಿಳಿದುಬಿಡುತ್ತದೆ. ಅಳೆಸಿಲ್ಲ. ನಿಜವೆಂದಾದರೆ ಇನ್ನೊಂದು ಪ್ರಶ್ನೆ ಏಳುತ್ತದೆ: ಅದು ಮರೆತು ಮಾಡಿದ್ದೋ, ತನ್ನ ಬುಡ್ಡಿಯನ್ನು ಮುಂದೆ ಇನ್ಯಾರೂ ತುಂಬದಿರಲೆಂದು ತಿಳಿದೇ ಮಾಡಿದ್ದೋ? ಅದನ್ನು ಯಾವ ಯಂತ್ರವೂ ಅಳೆಯುವುದಿಲ್ಲ.

ಬುಡ್ಡಿಗಳನ್ನು ಏನು ಮಾಡಬೇಕೆಂದು ಕೇಳಲು ಕ್ಲಬ್ಬಿನ ಕಾರ್ಯದರ್ಶಿಯ ಅಂಗಡಿಗೆ ಹೋದೆ. ಮುಖ ಇನ್ನೂ ಕೆಂಪಗೆ ಇತ್ತು. ಕಾಕಾನ ಹೆಸರು ಹೇಳಿದ ಕೂಡಲೇ ಟೋಪಿ ತೆಗೆದ.

"ಒಂದು ಶನಿವಾರ ರೇಂಜಿನಲ್ಲಿ ಮಲಗಿದ್ದವರು ನನ್ನನ್ನು ಕರೆದು, ಇದರಲ್ಲಿ ಗುಂಡು ಹಾಕಿದ್ದೇನೆಯೇ ಇಲ್ಲವೇ ಎಂದು ಕೇಳಿದರು. ತೆರೆದು ನೋಡಿ ಎಂದೆ. ನೋಡಿದರು. ಇತ್ತು. ಎದ್ದು ಎಲ್ಲ ಕಟ್ಟಿದರು. ಸೋಮವಾರ ಬಾಗಿಲು ತೆರೆಯುವ ಮೊದಲೇ ರೈಫಲ್ ತಂದು ಅಂಗಡಿಯ ಮುಂದೆ ನಿಂತಿದ್ದರು. ಪೊಲೀಸರಿಗೆ ಕಾಗದವನ್ನೂ ಅವರೇ ಬರೆದಿದ್ದರು. ಕಾಡತೂಸಿನ ಸಾಮಾನನ್ನೂ ಮಾರುತ್ತೀರಾ ಎಂದು ನಾನು ಕೇಳಿದೆ. ಬೇಡ, ಇರಲಿ, ಎಂದರು."

"ಅದು ಮಾರ್ಚ್‌ನಲ್ಲಿ ಅಲ್ಲವೇ?" ಎಂದೆ. ಜಿಪಿಯ ಫೋನ್ ಆದ ಮೇಲೆ ಇರಬೇಕಲ್ಲ.

ಅವನು ದಪ್ಪ ರಿಜಿಸ್ಟರ್ ತೆಗೆದು ಪುಟ ತಿರುವಿ, ಬೆರಳಿಟ್ಟು ನನ್ನ ಕಡೆ ತಿರುಗಿಸಿದ. ಕಾಕಾನ ಸಹಿಯಿತ್ತು, ಇಂಗ್ಲಿಷಿನ ಕೆಳಗೆ ಕನ್ನಡದಲ್ಲೂ. ತಾರೀಖನ್ನು ಮೂರು ಸಲ ನೋಡಿದೆ. ಮನೆಗೆ ಬಂದು ನನ್ನ ಇಮೇಲಿನಲ್ಲಿ ಹಳೆಯ ರೈಲು ಟಿಕೆಟ್ಟುಗಳನ್ನು ಹುಡುಕಿ, ಒಂದೊಂದಾಗಿ ತೆರೆದು, ಆ ತಾರೀಖಿನೊಂದಿಗೆ ಹೋಲಿಸಿ ನೋಡಿದೆ. ನನ್ನ ಮೊದಲ ಶನಿವಾರ ನವೆಂಬರ್‌ನ ಎರಡನೆಯ ವಾರ. ರೈಫಲ್ ಅಂಗಡಿ ಸೇರಿದ್ದು ಅಕ್ಟೋಬರ್‌ನ ಕೊನೆಯ ಸೋಮವಾರ.